ಅವ್ವನ ಎಣ್ಣೆಗಾಯಿ, ಸಿಸಿಲಿಯ ಕೆಂಪು ವೈನ್

ಈ ದೇಶದಲ್ಲಿ ನನ್ನ ಮೊದಲ ಸಂಬಳ ಉಗುಳಿದ್ದಕ್ಕೆ ಸಿಕ್ಕಿತು ಎಂದರೆ ನೀವು ನಗಬಹುದು. ಹ್ಯೂಸ್ಟನ್ನಿನ ವೈನ್ ಅಂಗಡಿಗೆ ಸೇರಿದ ದಿನವೇ ಮಾಲೀಕ ವಿನ್ಸ್ ಗ್ಲಾಸು ಕೈಗಿತ್ತು, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳು ಎಂದ. ರುಚಿ ಗೊತ್ತಿಲ್ಲದೆ ಮಾರುವುದು ಹೇಗೆ? ಬಿಜಾಪುರದಲ್ಲಿ ಎಲೆ ಅಡಿಕೆ ಉಗುಳುವವರನ್ನು ಕಂಡು ಮೂಗು ಮುರಿಯುತ್ತಿದ್ದವಳು, ಗಿರಾಕಿಗಳ ಎದುರೇ ಉಗುಳಿದೆ.

ಅದು ನೆರೊ ದಾವೊಲಾ. ಅವೊಲಾ ಎಂಬ ಊರಿನ ಕಪ್ಪು ದ್ರಾಕ್ಷಿ ಎಂದು ಅರ್ಥ. ಇಟಲಿಯ ಸಿಸಿಲಿ ದ್ವೀಪದ ಗಡುಸಾದ ಕೆಂಪು ವೈನ್. ವಿನ್ಸ್‌ನ ಅಜ್ಜ ಅಲ್ಲಿಂದ ಬಂದವನಂತೆ. ಪ್ಲಮ್ ವಾಸನೆ ಬರುತ್ತದೆಯೇ ಎಂದು ವಿನ್ಸ್ ಕೇಳಿದ. ನನಗೆ ಬಂದದ್ದು ಬಿಜಾಪುರದ ಹತ್ತಿರದ ತಿಕೋಟಾದ ಶೆಡ್ಡುಗಳಲ್ಲಿ ಒಣಗುವ ದ್ರಾಕ್ಷಿಯ ವಾಸನೆ. ಇಷ್ಟು ದೂರ ಬಂದು, ನಮ್ಮೂರಿನ ವಾಸನೆ ಇದರಲ್ಲೇ ಸಿಗಬೇಕಿತ್ತೇ ಎಂದು ಬೇಸರವಾಯಿತು. ಹಿಲ್‌ಕ್ರಾಫ್ಟಿನ ಭಾರತೀಯ ಅಂಗಡಿಗಳಲ್ಲಿ ಸಿಗುವ ಆಂಟಿಯರಿಗೂ ಫೋನಿನಲ್ಲಿ ಅವ್ವನಿಗೂ ಗ್ರೋಸರಿ ಅಂಗಡಿ ಎಂದೇ ಹೇಳಿದ್ದೆ. ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಆ ವೈನ್ ಮಾತ್ರ ಶೆಲ್ಫು ಬಿಟ್ಟು ಕದಲುತ್ತಿರಲಿಲ್ಲ. ಮೀನಿನ ಜೊತೆ ಕುಡಿದರೆ ಬಾಯಿ ಕಬ್ಬಿಣ ಕಬ್ಬಿಣ. ಸುಟ್ಟ ಮಾಂಸಕ್ಕೆ ಹೊಂದುತ್ತದೆ ನಿಜ, ಆದರೆ ಟೆಕ್ಸಸ್ಸಿನ ಜನ ಅದಕ್ಕೆ ತಮ್ಮದೇ ಬೇರೆ ವೈನ್ ಗೊತ್ತುಮಾಡಿಕೊಂಡಿದ್ದಾರೆ. ಆಗ ಅವ್ವ ಊರಿನಿಂದ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದಳು. ಅವಳು ಕಟ್ಟಿಕೊಟ್ಟ ಎಣ್ಣೆಗಾಯಿಯನ್ನು ಒಂದು ಮಧ್ಯಾಹ್ನ ವಿನ್ಸ್ ತಿಂದು ನೋಡಿ, ಆ ವೈನಿನ ಒಂದು ಗುಟುಕು ಕುಡಿದು, ಮತ್ತೆ ಡಬ್ಬಿಗೆ ಕೈ ಹಾಕಿದ. ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ ಸೇರಿ ವೈನಿನ ಒಗರನ್ನು ಮೆತ್ತಗೆ ಮಾಡಿದ್ದವು.

"ನಮ್ಮಜ್ಜಿಯೂ ಬದನೆಕಾಯಿ ಹೀಗೇ ಹುಳಿ ಸಿಹಿ ಮಾಡುತ್ತಿದ್ದಳು. ಶನಿವಾರ ಗಿರಾಕಿಗಳಿಗೆ ಕೊಡೋಣ, ತರುತ್ತೀಯಾ?" ಎಂದ.

ಖಾರ ಹೆಚ್ಚಾದರೆ ಈ ವೈನ್ ಗಂಟಲು ಸುಡುತ್ತದೆ. ಹಾಗಾಗಿ ಅಂಗಡಿಯ ಗಿರಾಕಿಗಳಿಗೆ ಎಂದಷ್ಟೇ ತಿಳಿಸಿ, ಅವ್ವನಿಗೆ ಖಾರ ಕಡಿಮೆ ಹಾಕಲು ಹೇಳಿದೆ.

"ಇಲ್ಲಿ ಮಂದಿಗೆ ಖಾರ ನಡ್ಯಾಂಗಿಲ್ಲೇನು? ಪಾಪ," ಎಂದಳು. ದೇವರ ಮುಂದೆ ಪಾತ್ರೆ ಇಟ್ಟು, ನೀರು ಸುತ್ತುಗಟ್ಟಿ, ಕೈಮುಗಿದ ಮೇಲೆಯೇ ಸ್ಟೀಲ್ ಡಬ್ಬಿ ತುಂಬಿದಳು. "ಎಡಿ ಹಿಡದೇನಿ. ಪ್ರಸಾದ ಅಂತ ಹೇಳಿ ಕೊಡವಾ."

ಪ್ರಸಾದವನ್ನು ಬಲಗೈ ಚಾಚಿ ಕಣ್ಣಿಗೊತ್ತಿಕೊಂಡು ತಿನ್ನುವ ಮನೆ ನಮ್ಮದು. ನಾನು ಅದನ್ನು ಕಡ್ಡಿಗೆ ಚುಚ್ಚಿ, ವೈನಿನ ಪಕ್ಕ ಇಟ್ಟೆ. ಶನಿವಾರ ಶನಿವಾರ ಬಾಟಲಿಗಳು ಖಾಲಿಯಾದವು. ಈ ಊರಿನಲ್ಲಿ ಮೊದಲ ಸಲ ಜನ ನನ್ನ ಮಾತು ಕೇಳಿ ತಲೆದೂಗುತ್ತಿದ್ದರು. ಆ ಖುಷಿಯೇ ನನ್ನನ್ನು ತಿನ್ನುತ್ತಿತ್ತು. ಎಡೆ ಹಿಡಿಯಬೇಡ ಎಂದರೆ ಅವ್ವ ಯಾಕೆ ಎನ್ನುತ್ತಾಳೆ, ನಿಜ ಹೇಳಿದರೆ ಅಲ್ಲಿಗೆ ಮುಗಿಯಿತು. ಪಕ್ಕದ ಊರು ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ತಲೆ ಎತ್ತಲಾಗದೆ ನಿಂತರೆ ಮಗಳಿಗೆ ಎಷ್ಟು ಭಕ್ತಿ ಎಂದು ಅವ್ವ ಸಂತೋಷಪಡುತ್ತಿದ್ದಳು.

ನಮ್ಮಲ್ಲಿ ಯಾರ ಡಬ್ಬಿಯನ್ನೂ ಬರಿದಾಗಿ ಮರಳಿಸುವುದಿಲ್ಲ ಎಂದು ವಿನ್ಸ್‌ಗೆ ಎಂದೋ ಹೇಳಿದ್ದೆ. ಒಂದು ಭಾನುವಾರ ಬಾಗಿಲು ತೆಗೆದರೆ ಅವನೇ. ಡಬ್ಬಿಯ ತುಂಬ ಕಪ್ಪು ದ್ರಾಕ್ಷಿ, ಇನ್ನೊಂದು ಕೈಯಲ್ಲಿ ಅದೇ ವೈನು. "ನಿಮ್ಮ ಬದನೆಕಾಯಿ ಇರದಿದ್ದರೆ ಈ ವೈನನ್ನು ಯಾರೂ ಮೂಸುತ್ತಿರಲಿಲ್ಲ," ಎಂದು ಅವ್ವನ ಕೈ ಹಿಡಿದು, ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಹೇಳಿ ಹೋದ.

"ಏನಂದ?"

"ಅಡಿಗಿ ಭಾಳ ಛಲೋ ಆಗೇತಂತ."

"ಅಷ್ಟನ? ಭಾಳ ಹೊತ್ತು ಮಾತಾಡಿದನಲ್ಲ."

ಬಾಟಲಿಯ ಮೇಲಿದ್ದ ದ್ರಾಕ್ಷಿ ಗೊಂಚಲಿನ ಚಿತ್ರವನ್ನು ಅವ್ವ ನೋಡಿದಳು. ಅದನ್ನು ಅಡುಗೆಮನೆಯ ಹೊರಗೆ, ಚಪ್ಪಲಿಗಳ ಹತ್ತಿರ ಇಟ್ಟಳು.

ಅವ್ವನಿಗೆ ಎಲ್ಲ ತಿಳಿಯಿತು, ಇನ್ನು ಎಣ್ಣೆಗಾಯಿ ಇಲ್ಲ ಎಂದುಕೊಂಡೆ. ಶನಿವಾರ ಬೆಳಿಗ್ಗೆ ಎದ್ದಾಗ ಗುರೆಳ್ಳು ಹುರಿದ ವಾಸನೆ ಬರುತ್ತಿತ್ತು. ಕಟ್ಟೆಯ ಮೇಲೆ ತುಂಬಿದ ಡಬ್ಬಿ. ಪಾತ್ರೆ ಇನ್ನೂ ದೇವರ ಮುಂದಿತ್ತು.

"ಅದು ಅಂಗಡೀದು. ಎಡಿ ಹಿಡಿಯೂದಕ್ಕಿಂತ ಮೊದ್ಲ ತಗದಿಟ್ಟೇನಿ," ಎಂದಳು. ಬೈಗುಳ ಇರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಕೈಮುಗಿದು, ಪಾತ್ರೆ ತಂದು ಡಬ್ಬಿಯ ಪಕ್ಕಕ್ಕಿಟ್ಟಳು. ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಸೌಟು ಹಿಡಿದು ನನ್ನ ಮುಖ ನೋಡಿದಳು.

"ನಿನಗ ಯಾವುದರಾಗಿಂದು ಹಾಕಲಿ?"