ನಕಾಟಾನಿಯ ಬೀಜ ನೀಲಿಯಾದದ್ದು

ಹವಾಯಿ ದ್ವೀಪದ ನಮ್ಮ ಪುನ ಸೀಮೆಯಲ್ಲಿ ಪರಂಗಿ ಗಿಡ ನೆಡಲು ಗುದ್ದಲಿ ಸಾಲದು, ಹಾರೆ ಬೇಕು. ನೆಲವೆಲ್ಲ ಜ್ವಾಲಾಮುಖಿ ಕಕ್ಕಿದ ಕರಿಕಲ್ಲು. ಅದರಲ್ಲಿ ಆರು ಎಕರೆ ತೋಟ ಎಬ್ಬಿಸಿದವಳು ಕಾರಿಂಗಕ್ಕ. ಹದಿನೆಂಟಕ್ಕೆ ಫಿಲಿಪ್ಪೀನ್ಸ್ ಬಿಟ್ಟು ಇಲ್ಲಿಗೆ ಬಂದವಳು. ಎತ್ತರ ಐದಡಿಗೂ ಕಡಿಮೆ, ದನಿ ಮಾತ್ರ ಎರಡು ತೋಟ ದಾಟುತ್ತಿತ್ತು. ಹಣ್ಣು ವಿಂಗಡಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನಮಗೆ ಅವಳ ಲಾರಿಗಿಂತ ಮೊದಲು ಅವಳ ಬೈಗುಳ ತಲುಪುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತೈದರ ಸುಮಾರಿಗೆ ಉಂಗುರ ರೋಗ ಬಂತು. ಎಲೆ ಮುರುಟಿ, ಕಾಯಿಯ ಮೇಲೆಲ್ಲ ಬಳೆ ಒತ್ತಿದಂತೆ ಗುರುತು. ಮದ್ದಿಲ್ಲ. ಕಾರಿಂಗಕ್ಕ ಆರೂ ಎಕರೆಯನ್ನು ತಾನೇ ನಿಂತು ಕಡಿದಳು. ಆ ವಾರ ಯಾರನ್ನೂ ಬೈಯಲಿಲ್ಲ.

ಮೂರು ವರ್ಷದ ಮೇಲೆ ವಿಜ್ಞಾನಿಗಳು ಹೊಸ ಬೀಜ ಹಂಚಿದರು. ರೋಗ ತರುವ ವೈರಸ್ಸಿನದೇ ಒಂದು ಚೂರನ್ನು ಗಿಡದೊಳಕ್ಕೆ ಸೇರಿಸಿದ್ದರಂತೆ. "ಮಕ್ಕಳಿಗೆ ಚುಚ್ಚುಮದ್ದು ಹಾಕ್ಸಲ್ವಾ? ಹಂಗೇ," ಎಂದು ಅವಳು ಕಂಡಕಂಡವರಿಗೆ ವಿವರಿಸಿದಳು. ವರ್ಷ ತುಂಬುವುದರೊಳಗೆ ಕಾಯಿ ಜೋತುಬಿತ್ತು. ಒಂದರ ಮೇಲೂ ಉಂಗುರವಿಲ್ಲ.

ಪಕ್ಕದ ತೋಟದ ನಕಾಟಾನಿ ಹಳೆಯ ತಳಿ ಬಿಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ತೋಟಕ್ಕಿಳಿಯುವ ಎಪ್ಪತ್ತರ ಮನುಷ್ಯ. ಅವನ ಹಣ್ಣು ಹೋಗುತ್ತಿದ್ದುದು ಜಪಾನಿಗೆ. ಅಲ್ಲಿ ಹೊಸ ತಳಿಗೆ ಆಗ ಪ್ರವೇಶವಿರಲಿಲ್ಲ. ಅದಕ್ಕೇ ಅವನು ಪ್ರತಿ ಸಲ ಬಿತ್ತುವ ಮೊದಲು ಬೀಜ ಪರೀಕ್ಷೆ ಮಾಡಿಸುತ್ತಿದ್ದ. ಒಂದು ದ್ರವದಲ್ಲಿ ನೆನೆಸಿದರೆ ಹೊಸ ತಳಿ ಬೆರೆತ ಬೀಜ ನೀಲಿಯಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಗಾಜಿನ ಸೀಸೆ ಹಿಡಿದು ಶೆಡ್ಡಿಗೇ ಬಂದ. ಐವತ್ತರಲ್ಲಿ ನಾಲ್ಕು ನೀಲಿ.

"ನಿನ್ನ ಹೂವಿನ ಪುಡಿ ನನ್ನ ಗಿಡಕ್ಕೆ ಬಂದಿದೆ ಕಣಮ್ಮಾ. ನೋಡದೆ ಬಿತ್ತಿದ್ರೆ ತೋಟಾನೇ ಬೆರಕೆ ಆಗೋದು."

"ಅಲ್ಲಯ್ಯ ಮುದುಕಪ್ಪಾ, ಜೇನುಹುಳಾನ ನಾನು ಹೇಳಿ ಕಳಿಸಿದ್ನಾ? ದಿನಾ ತಿಂತೀನಿ ಈ ಹಣ್ಣು. ನೋಡು, ಹೆಂಗಿದೀನಿ!"

"ನಿನ್ನ ಹೊಟ್ಟೆ ಮಾತಲ್ಲ ಇದು. ಹಳೇ ತಳಿ ಅಂತ ಕೊಳ್ಳೋರಿಗೆ ನಾನು ಮಾತು ಕೊಟ್ಟಿದೀನಿ."

ನಗಲು ಬಾಯಿ ತೆರೆದಿದ್ದ ನಾವು ಮತ್ತೆ ಹಣ್ಣಿನ ಕಡೆ ತಿರುಗಿದೆವು. ಕಾರಿಂಗಕ್ಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ತೋಟಕ್ಕೆ ರೋಗ ಯಾಕೆ ಮತ್ತೆ ಬಂದಿಲ್ಲ, ಗೊತ್ತಾ? ಸುತ್ತ ನಮ್ಮ ಗಿಡ ಕೋಟೆ ಥರ ನಿಂತಿರೋದಕ್ಕೆ," ಎಂದಳು.

"ಗೊತ್ತು. ಅದಕ್ಕೇ ಕಿತ್ತಾಕು ಅಂತ ಹೇಳ್ತಿಲ್ಲ."

ಮುಂದಿನ ಭಾನುವಾರ ಅವಳು ಹಳೆಯ ಹಾಸಿಗೆ ಬಟ್ಟೆ ಕತ್ತರಿಸಿ ಇನ್ನೂರು ಚೀಲ ಹೊಲಿದಳು. ನಕಾಟಾನಿ ಬೀಜಕ್ಕೆಂದು ಬಿಟ್ಟ ಗಿಡಗಳ ಮೊಗ್ಗಿಗೆ ಕಟ್ಟಲು, ಹೊರಗಿನ ಪುಡಿ ಬೀಳದೆ ಹೂವು ತನ್ನ ಪುಡಿಯಲ್ಲೇ ಕಾಯಿ ಕಟ್ಟುವ ಹಾಗೆ.

"ಗುಲಾಬಿ ಹೂವಿನ ಬಟ್ಟೆನಾ?" ಎಂದು ಅವನು ಮುಖ ಹುಳ್ಳಗೆ ಮಾಡಿದ.

"ಗಿಡಕ್ಕಿಲ್ಲದ ನಾಚಿಕೆ ನಿನಗ್ಯಾಕೆ? ಏಣಿ ಹಿಡ್ಕೋ!"

ಆ ಬೇಸಿಗೆಯೆಲ್ಲ ಇಬ್ಬರೂ ಜಗಳವಾಡುತ್ತಲೇ ಚೀಲ ಕಟ್ಟಿದರು. ದಾರಿಹೋಕರು ಅದನ್ನು ನೋಡಲೆಂದೇ ಗಾಡಿ ನಿಲ್ಲಿಸುತ್ತಿದ್ದರು. ಮುಂದಿನ ಪರೀಕ್ಷೆಯಲ್ಲಿ ಒಂದು ಬೀಜವೂ ನೀಲಿಯಾಗಲಿಲ್ಲ. ಅದರ ಮುಂದಿನ ವರ್ಷ ಎರಡಾದವು. ಯಾವುದೋ ಚೀಲ ಗಾಳಿಗೆ ಬಿಚ್ಚಿಕೊಂಡಿತ್ತು. ಮತ್ತೆ ಹೊಲಿದಳು, ಮತ್ತೆ ಕಟ್ಟಿದರು.

ಎರಡು ಸಾವಿರದ ಹನ್ನೊಂದರ ಕೊನೆಗೆ ಜಪಾನು ಹೊಸ ತಳಿಗೂ ಬಾಗಿಲು ತೆರೆಯಿತು. ಎಂಬತ್ತು ದಾಟಿದ್ದ ನಕಾಟಾನಿ ತನ್ನ ತಳಿ ಬದಲಿಸಲಿಲ್ಲ. ಆದರೆ ತಾನು ಹಣ್ಣು ಕಳಿಸುತ್ತಿದ್ದ ಟೋಕಿಯೊ ವ್ಯಾಪಾರಿಗೆ ಕಾರಿಂಗಕ್ಕನ ಪರವಾಗಿ ಕೈಯಾರೆ ಕಾಗದ ಬರೆದ.

"ಹೊಸ ತಳಿ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರಿ," ಎಂದ.

"ಬರೀತೀನಿ. ಪಕ್ಕದಲ್ಲಿ ನನ್ನ ಹೆಸರು ಅದಕ್ಕಿಂತ ದೊಡ್ಡದಾಗಿ ಬರೀತೀನಿ."

ಮೊದಲು ಹೋದ ಪೆಟ್ಟಿಗೆಗಳಲ್ಲಿ ಅರ್ಧವಷ್ಟೇ ಮಾರಾಟವಾದವು. ಸುದ್ದಿ ಹೇಳಲು ನನಗೇ ಸಂಕೋಚ. ಕಾರಿಂಗಕ್ಕ ಮಾತ್ರ, "ಉಳಿದೋರು ಇನ್ನೂ ಯೋಚನೆ ಮಾಡ್ತಿದಾರೆ. ಮಾಡ್ಲಿ ಬಿಡು, ತಿನ್ನೋರು ಅವರಲ್ವಾ?" ಎಂದು ಲಾರಿ ಹತ್ತಿದಳು.