ಸೊನ್ನೆಗೆ ತಂದ ಗೆರೆ

ಸಾರಕ್ಕಿಯಲ್ಲಿ ತೂಕದ ಮೆಷಿನ್ ರಿಪೇರಿ ಮಾಡಿಕೊಂಡೇ ಮನೆ ಕಟ್ಟಿದವನು ನಾನು. ಒಂದು ಮಾತು ಕೇಳಿ: ತಟ್ಟೆ ಖಾಲಿಯಿದ್ದರೂ ಅಂಕಿ ಸೊನ್ನೆಗೆ ಬರದಿದ್ದರೆ ಗುಂಡಿ ಒತ್ತಿ ಸೊನ್ನೆ ಮಾಡಿಬಿಡಬೇಡಿ. ತಟ್ಟೆ ಎತ್ತಿ ಅಡಿಯಲ್ಲಿ ನೋಡಿ. ಮಾರ್ಕೆಟ್ಟಿನವರಿಗೆಲ್ಲ ಇದನ್ನು ಹೇಳಿದ್ದೇನೆ. ಹೇಳಲೇಬೇಕಾಗಿದ್ದ ದಿನ ಮಾತ್ರ ಹೇಳಲಿಲ್ಲ.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿಗೆ ಭೂಕಂಪದ ದಾಖಲೆ ಓದುವ ಕೆಲಸ. ನೆಲ ಎಷ್ಟು ಸರಿಯಿತೆಂದು ಉಪಕರಣ ಹೇಳುವುದಿಲ್ಲವಂತೆ. ಅಲುಗಾಟದ ಜೋರನ್ನಷ್ಟೇ ಬರೆಯುತ್ತದೆ. ಅದರಿಂದ ವೇಗ, ವೇಗದಿಂದ ದೂರ ಲೆಕ್ಕ ಹಾಕಬೇಕು. ಉಪಕರಣ ಕೂದಲೆಳೆಯಷ್ಟು ವಾಲಿದರೂ ಲೆಕ್ಕದಲ್ಲಿ ನೆಲ ಮಾರುದ್ದ ಓಡಿರುತ್ತದೆ.

ಅವಳ ಅಕ್ಕ ಉತ್ತರದ ಬೆಟ್ಟಗಳಲ್ಲಿ, ಗಂಡ ಕೆಲಸ ಮಾಡುವ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿದ್ದಳು. ಒಂದು ಬೆಳಿಗ್ಗೆ ಅಲ್ಲಿ ಭೂಮಿ ನಡುಗಿತು. ಮನೆ ಬೀಳಲಿಲ್ಲ. ಕ್ವಾರ್ಟರ್ಸ್ ಅಂಗಳದ ಉಪಕರಣದ ದಾಖಲೆ ಮಧ್ಯಾಹ್ನ ಇವಳ ಕಂಪ್ಯೂಟರಿಗೆ ಬಂದಾಗ, ನಲ್ಲಿ ನೋಡಲು ಹೋದ ನಾನು ಅಲ್ಲೇ ನಿಂತೆ. ಪರದೆಯ ಗೆರೆ ಕುಣಿದು, ಆಮೇಲೆ ಇಳಿಯುತ್ತಲೇ ಹೋಯಿತು. ಇಳಿದಷ್ಟೂ ನೆಲ ಕ್ವಾರ್ಟರ್ಸ್ ಪಕ್ಕದ ಹೊಳೆಯ ಕಡೆ ಜಾರಿದ ಲೆಕ್ಕ. ಅಕ್ಕನ ಫೋನು ಸ್ಪೀಕರಿನಲ್ಲಿತ್ತು.

“ಹೊರಗೆ ಚಳಿ ಕಣೇ. ನಿನ್ ಗೆರೆ ಏನನ್ನುತ್ತೆ? ಒಳಗೆ ಹೋಗ್ಲಾ?”

“ಇರೇ ಅಕ್ಕ. ಉಪಕರಣ ವಾಲಿದ್ಯೋ, ನೆಲಾನೇ ಸರಿದಿದ್ಯೋ ಗೊತ್ತಾಗ್ತಿಲ್ಲ. ಸಾಯಂಕಾಲದವರೆಗೂ ಟೈಮ್ ಕೊಡು.”

“ಸಾಯಂಕಾಲಕ್ಕೆ ನಾನು ಕುಲ್ಫಿ ಆಗಿರ್ತೀನಿ!”

ನನಗೆ ತಡೆಯಲಾಗಲಿಲ್ಲ. “ಎಷ್ಟು ಎಳೀತೀಯಮ್ಮಾ? ಮನೆ ನಿಂತಿದೆ ಅಂದ್ಮೇಲೆ ನೆಲ ಎಲ್ಲಿಗ್ ಹೋಗುತ್ತೆ? ಸೊನ್ನೆಗೆ ತಂದ್ಬಿಡು.”

“ತರಬಹುದು ಅಂಕಲ್. ಆದ್ರೆ ನಿಜವಾಗ್ಲೂ ಸರಿದಿದ್ರೆ ಅದೂ ಅಳಿಸಿಹೋಗುತ್ತೆ.”

“ಆಯಮ್ಮ ಚಳೀಲಿ ನಿಂತಿದೆ. ಒಳಗೆ ಹೋಗು ಅನ್ನು!”

ಅವಳು ಏನೋ ಒತ್ತಿದಳು. ಗೆರೆ ಸೊನ್ನೆಗೆ ಬಂದು ಮಲಗಿತು. “ಹೋಗೇ ಅಕ್ಕ,” ಎಂದಳು.

ಮರುದಿನ ಇನ್ನೊಂದು ಸಣ್ಣ ನಡುಕಕ್ಕೆ ಹೊಳೆಬದಿಯ ಗೋಡೆ ಅಕ್ಕನ ಮೇಲೆ ಬಿತ್ತು. ಅವಳು ಉಳಿಯಲಿಲ್ಲ.

ಹುಡುಗಿ ಮತ್ತೆ ಲೆಕ್ಕಕ್ಕೆ ಕೂತಳು. ನಡುಕಕ್ಕೆ ಮುಂಚಿನ ನಿಶ್ಚಲ ಕ್ಷಣಗಳನ್ನೂ ಆಮೇಲಿನವನ್ನೂ ಬೇರೆಬೇರೆ ಹಿಡಿದು, ಉಪಕರಣದ ವಾಲಿಕೆಯನ್ನಷ್ಟೇ ಕಳೆದಳು. ಗೆರೆ ಸೊನ್ನೆಗೆ ವಾಪಸ್ಸು ಬರಲಿಲ್ಲ. ನೆಲ ನಿಜವಾಗಿಯೂ ಒಂದು ಗೇಣು ಸರಿದು ಅಲ್ಲೇ ನಿಂತಿತ್ತು. ನನ್ನನ್ನು ಕರೆದು ತೋರಿಸಿದಳು. ಅಂದಿನಿಂದ ಬನಶಂಕರಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ನನ್ನಿಂದ ಒಂದು ಗೇಣು ಆಚೆಗೆ ಯಾರೋ ಚಳಿಯಲ್ಲಿ ನಿಂತಂತಿರುತ್ತದೆ.

ಹದಿಮೂರನೆಯ ದಿನದ ಊಟಕ್ಕೆ ತ್ಯಾಗರಾಜನಗರದಲ್ಲಿರುವ ಹುಡುಗಿಯ ಭಾವನ ತಂದೆಯ ಮನೆಗೆ ಹೋದೆ. ಬಡಿಸುತ್ತಿದ್ದ ಭಾವ, ಪಕ್ಕಪಕ್ಕ ಕೂತಿದ್ದ ನಮ್ಮಿಬ್ಬರ ಎಲೆಗಳ ಮುಂದೆ ನಿಂತು ಅವಳನ್ನು ಕೇಳಿದ: “ಅವತ್ತು ಫೋನಲ್ಲಿ ಯಾರೋ ಗಂಡಸು ಒಳಗೆ ಹೋಗು ಅಂತಿದ್ರು. ನಿಮ್ಮಕ್ಕನ ಪಕ್ಕದಲ್ಲೇ ಇದ್ದೆ, ನಂಗೂ ಕೇಳಿಸ್ತು. ಯಾರಮ್ಮಾ ಅದು?”

ಅವಳು ನನ್ನತ್ತ ನೋಡಲೇ ಇಲ್ಲ. “ಟಿವಿ ಓಡ್ತಿತ್ತು ಭಾವ. ಹೇಳಿದ್ದು ನಾನೇ.”

ಭಾವ ನನ್ನ ಕಡೆ ತಿರುಗಿದ. “ಏನೂ ತಿಂತಾನೇ ಇಲ್ವಲ್ಲ ಸಾರ್, ಇನ್ನೊಂದು ವಡೆ?”

ಬೇಡವೆಂದರೆ ನನ್ನ ದನಿಯ ಗುರುತು ಅವನಿಗೆ ಸಿಕ್ಕಿಬಿಡುತ್ತದೆ. ತಲೆಯಾಡಿಸಿ ಹಾಕಿಸಿಕೊಂಡೆ.