ನದಿ ಬೇಡ, ಕಾಲಿನ ಬಗ್ಗೆ ಹೇಳಿ

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಕಮಲಾಕ್ಷಿಯ ಬಲಗಾಲು ಸೊರಗಿತು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ತಂದೆ ಮೌನಪ್ಪ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋಗಿ ಓದಿಸಿದರು. ಈಗ ಆಕೆ ಅದೇ ಊರಿನ ನಾಂಪಲ್ಲಿಯ ಸಂಜೆ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಾಳೆ. ದೇಶದಿಂದ ದೇಶಕ್ಕೆ ಹರಿಯುವ ನದಿಗಳ ನೀರಿನ ಒಪ್ಪಂದಗಳು ಅವಳ ವಿಷಯ.

ಊರಿನ ಅಂತರರಾಷ್ಟ್ರೀಯ ಕಾನೂನು ವಿದ್ವಾಂಸರ ಸಂಘಕ್ಕೆ ಆಕೆ ಕಳಿಸಿದ ಪ್ರಬಂಧಗಳು ಪ್ರತಿವರ್ಷ ವಾಪಸ್ಸು ಬರುತ್ತಿದ್ದವು. ಕಳೆದ ವರ್ಷ ಸಮ್ಮೇಳನಕ್ಕೆ ವಿದೇಶಿ ಅತಿಥಿಗಳು ಬರುವುದು ಖಚಿತವಾದ ಮೇಲೆ ಸಂಘವು ‘ಎಲ್ಲರನ್ನೂ ಒಳಗೊಳ್ಳುವ ಸಮಿತಿ’ಯನ್ನು ರಚಿಸಿ ಅವಳನ್ನು ಅದರ ಸದಸ್ಯೆಯಾಗಿಸಿತು. ಪ್ರಬಂಧವೂ ಒಪ್ಪಿಗೆಯಾಗಿದೆ ಎಂದು ಕಾರ್ಯದರ್ಶಿ, ಹಿರಿಯ ವಕೀಲ ಗುರುರಾಜ, ಫೋನು ಮಾಡಿದರು.

ಸಮ್ಮೇಳನದ ದಿನ ಹೋಟೆಲಿಗೆ ಹೋಗಿ ನೋಡಿದರೆ ನದಿಗಳ ಗೋಷ್ಠಿಯಲ್ಲಿ ಅವಳ ಹೆಸರಿಲ್ಲ. ಅಲ್ಲಿ ಕೂತವರೆಲ್ಲ ಕಾರ್ಯದರ್ಶಿಯ ಹಳೆಯ ಗೆಳೆಯರು. ಅವಳ ಹೆಸರು ‘ಅಂಗವಿಕಲತೆಯನ್ನು ಗೆದ್ದವರು’ ಎಂಬ ಸಂಜೆಯ ಗೋಷ್ಠಿಯಲ್ಲಿತ್ತು.

“ಸರ್, ನನ್ನ ಪ್ರಬಂಧ ನದಿ ಬಗ್ಗೆ ಐತ್ರಿ,” ಎಂದಳು ಗುರುರಾಜರಿಗೆ.

“ನದಿ ಬಗ್ಗೆ ಹೇಳೋರು ಭಾಳ ಮಂದಿ ಅದಾರ, ಮೇಡಂ. ನೀವು ನಿಮ್ಮ ಕಾಲಿನ ಕಷ್ಟ ಹೇಳ್ರಿ. ಕೇಳೋರ ಮನಸ್ಸು ಕರಗಬೇಕು.”

ವೇದಿಕೆಗೆ ಮೆಟ್ಟಿಲುಗಳಿದ್ದವು. ಅವಳನ್ನು ಕೂರಿಸಿ ಮೇಲಕ್ಕೆತ್ತಲು ಹೋಟೆಲಿನ ಇಬ್ಬರು ನೌಕರರು ಕುರ್ಚಿ ಹಿಡಿದು ಕಾಯುತ್ತಿದ್ದರು, ಪಕ್ಕದಲ್ಲಿ ಫೋಟೊಗ್ರಾಫರ್.

“ನಾನು ನಡದು ಹತ್ತತೀನ್ರಿ.”

“ಎತ್ತಿಕೊಂಡು ಹೋದ್ರ ಫೋಟೊ ಛಲೋ ಬರ್ತಾವ್ರಿ,” ಎಂದರು ಗುರುರಾಜ, ನಗುತ್ತಲೇ.

ಅವಳು ಊರುಗೋಲು ಊರಿ ತಾನೇ ಹತ್ತಿದಳು. “ನನ್ನ ಕಾಲಿನ ಬಗ್ಗೆ ಹೇಳುವುದು ಏನೂ ಇಲ್ಲ. ನದಿಯ ಬಗ್ಗೆ ಹೇಳಲು ಬಂದಿದ್ದೆ, ನೀವು ಬಿಡಲಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿ ಇಳಿಯತೊಡಗಿದಳು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಂಥ ಧೈರ್ಯ ಎಂದು ವಿದೇಶಿ ಅತಿಥಿಯೊಬ್ಬರು ಕಣ್ಣೊರೆಸಿಕೊಂಡರು. ಅವಳು ಆಡಿದ ಮಾತಿನ ಅರ್ಥ ಒಬ್ಬರ ತಲೆಗೂ ಹೋಗಿರಲಿಲ್ಲ. ಗುರುರಾಜರಂತೂ ಕೆಳಗೆ ನಿಂತು ಅವಳ ಕೈ ಹಿಡಿದು ಕುಲುಕಿದರು.

ಮನೆಗೆ ಬಂದವಳು ನಲ್ಲಿಯ ಕೆಳಗೆ ಕೈ ಉಜ್ಜುತ್ತ ನಿಂತಳು. “ಕೈಗೆ ಏನು ಹತ್ತೈತಿ?” ಎಂದು ತಾಯಿ ಜಯಮ್ಮ ಕೇಳಿದರು.

“ಹೊಲಸು, ಅವ್ವಾ.”

ಮರುದಿನವೇ ಸಮಿತಿಗೆ ರಾಜೀನಾಮೆ ಕಳಿಸಿದಳು. ಉತ್ತರ ಬರಲಿಲ್ಲ. ಈ ವರ್ಷದ ಆಹ್ವಾನ ಪತ್ರಿಕೆಯ ಮುಖಪುಟದಲ್ಲಿ ಅವಳು ಮೆಟ್ಟಿಲು ಹತ್ತುವ ಫೋಟೊ ಅಚ್ಚಾಗಿದೆ. ತೆಗೆಯಿರಿ ಎಂದು ಅವಳು ಕೇಳಿದರೆ, ಎಲ್ಲರಿಗೂ ಸ್ಫೂರ್ತಿಯಾಗುತ್ತದೆ ಎಂದರಂತೆ ಗುರುರಾಜ.